ಅಟ್ಟದ ಟ್ರಂಕಿನ ಫೋಟೋಗಳು: ಮೊದಲು ಸ್ಕ್ಯಾನ್ ಮಾಡಿದ್ದು ಯಾವುದು, ಹಾಗೇ ಇಟ್ಟದ್ದು ಯಾವುದು

ಬ್ರಹ್ಮಾವರದ ಹತ್ತಿರ ಇರುವ ನಮ್ಮ ಹಳೇ ಹಂಚಿನ ಮನೆ ಪಾಲಾಗುವಾಗ ಜಾಗ, ತೆಂಗಿನ ತೋಟ, ಹಿತ್ತಾಳೆ ಪಾತ್ರೆ ಎಲ್ಲಕ್ಕೂ ಲೆಕ್ಕ ಆಯಿತು. ಫೋಟೋಗಳಿಗೆ ಮಾತ್ರ ಆಗಲಿಲ್ಲ. ಅಟ್ಟದಲ್ಲಿ ಒಂದು ತಗಡಿನ ಟ್ರಂಕು ತುಂಬ, ಕಪಾಟಿನಲ್ಲಿ ಆಲ್ಬಂಗಳು, ಚಾವಡಿಯ ಗೋಡೆಯಲ್ಲಿ ಸಾಲು ಫ್ರೇಮುಗಳು. ಬೇಡ ಅಂತ ಯಾರೂ ಹೇಳಲಿಲ್ಲ, ತೆಗೆದುಕೊಂಡು ಹೋಗಲೂ ಇಲ್ಲ. ಮುಂಬೈಯ ಭಾವ, "ಎಲ್ಲ ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕು ಮಾರಾಯಾ. ಮತ್ತೆ ಆ ಕಾಗದ ಇಟ್ಟುಕೊಂಡು ಏನು ಮಾಡುವುದು?" ಅಂದರು. ದೊಡ್ಡಮ್ಮ, "ಒಂದು ಚೂರು ಸಹ ಬಿಸಾಡಬೇಡಿ" ಅಂದರು.

ನಾಲ್ಕು ಮನೆಯವರು ಖರ್ಚು ಹಂಚಿಕೊಳ್ಳುವುದು, ಕೆಲಸ ನಾನು ಮಾಡುವುದು ಅಂತ ಆಯಿತು. ಇಡುವುದೋ ಸ್ಕ್ಯಾನ್ ಮಾಡುವುದೋ ಎಂಬ ಪ್ರಶ್ನೆಗೆ ಎಲ್ಲ ಫೋಟೋಗಳಿಗೂ ಒಂದೇ ಉತ್ತರ ಇಲ್ಲ. ಫೋಟೋ ಯಾವ ಕಾಗದದ ಮೇಲಿದೆ ಅನ್ನುವುದರ ಮೇಲೆ ಅದು ನಿಂತಿದೆ. ಅಜ್ಜಯ್ಯನ ಕಾಲದ ಕಪ್ಪು-ಬಿಳುಪು ಫೋಟೋಗಳಿಗಿಂತ 1980ರ ಕಲರ್ ಫೋಟೋಗಳೇ ಬೇಗ ಹಾಳಾಗುತ್ತಿವೆ. ಟ್ರಂಕು ಬಿಚ್ಚುವ ಮುಂಚೆ ನಾವೆಲ್ಲ ತಿಳಿದುಕೊಂಡದ್ದು ಇದಕ್ಕೆ ಉಲ್ಟಾ.

ಹಂತ 1: ಕಾಲ ನೋಡಿಕೊಳ್ಳುವುದು

ಈ ಕೆಲಸವನ್ನು ಮಳೆಗಾಲದಲ್ಲಿ ಶುರು ಮಾಡಬೇಡಿ. ಫೋಟೋದ ಮೇಲ್ಪದರ ಜೆಲಟಿನ್. ಪ್ರಾಣಿಗಳ ಎಲುಬು, ಚರ್ಮದಿಂದ ಮಾಡುವ ಅಂಟು ಅದು. ತೇವ ಸಿಕ್ಕಿದರೆ ಉಬ್ಬಿ ಮೆತ್ತಗಾಗುತ್ತದೆ, ಪಕ್ಕದ ಫೋಟೋಕ್ಕೆ ಅಂಟುತ್ತದೆ, ಬೂಷ್ಟಿಗೆ ಊಟವೂ ಆಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವ ಶೇಕಡಾ 90 ದಾಟುವುದು ಮಾಮೂಲು. ಹಾಗಾಗಿ ಜನವರಿಯಲ್ಲಿ ಶುರು ಮಾಡಿದೆ. 350 ರೂಪಾಯಿಯ ಒಂದು ಡಿಜಿಟಲ್ ತೇವಾಂಶ ಮೀಟರ್ ತಂದೆ. ಮಧ್ಯಾಹ್ನದ ಹೊತ್ತಿಗೆ ಚಾವಡಿಯಲ್ಲಿ 52ರಿಂದ 58 ತೋರಿಸುತ್ತಿತ್ತು, ಬೆಳಿಗ್ಗೆ ಏಳಕ್ಕೆ 80ರ ಮೇಲೆ. ಹನ್ನೊಂದು ಗಂಟೆ ಆದಮೇಲೆಯೇ ಟ್ರಂಕು ತೆಗೆಯುವುದು, ನಾಲ್ಕಕ್ಕೆ ಮುಚ್ಚುವುದು ಅಂತ ಇಟ್ಟುಕೊಂಡೆ.

ಟ್ರಂಕಿನಲ್ಲಿ ಯಾರೋ ಡಾಂಬರು ಗುಳಿಗೆ ಹಾಕಿದ್ದರು. ಅದನ್ನು ಮೊದಲು ತೆಗೆದೆ. ಹುಳ ದೂರ ಇರುತ್ತದೆ, ನಿಜ. ಆದರೆ ಅದರ ಹಬೆ ಮುಚ್ಚಿದ ಪೆಟ್ಟಿಗೆಯೊಳಗೆ ಫೋಟೋ ಮತ್ತು ಪ್ಲಾಸ್ಟಿಕ್ ಮೇಲೆ ಕೂತುಕೊಳ್ಳುತ್ತದೆ. ಬಟ್ಟೆಗೆ ಸರಿ, ಫೋಟೋಕ್ಕೆ ಬೇಡ.

ಹಂತ 2: ವಿಂಗಡಣೆ

ಮನೆಯವರೆಲ್ಲ ಮದುವೆ, ನಾಮಕರಣ, ಮುಂಬೈ, ದುಬೈ ಅಂತ ವಿಷಯ ನೋಡಿ ವಿಂಗಡಿಸಲು ಹೇಳಿದರು. ನಾನು ಕಾಗದ ನೋಡಿ ವಿಂಗಡಿಸಿದೆ. ವಿಷಯದ ವಿಂಗಡಣೆಯನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಎಷ್ಟು ಸಲ ಬೇಕಾದರೂ ಮಾಡಬಹುದು.

ಮೊದಲ ರಾಶಿ ಹಳೇ ಕಪ್ಪು-ಬಿಳುಪು. ಹಿಂಬದಿ ಮುಟ್ಟಿದರೆ ದಪ್ಪ ಕಾಗದ ಅಂತ ಗೊತ್ತಾಗುತ್ತದೆ. ಕೆಲವಕ್ಕೆ ಬಿಳಿ ಅಂಚು, ಆ ಅಂಚು ಹರಿದ ಕಾಗದದಂತೆ ಅಂಕುಡೊಂಕಾಗಿ ಕತ್ತರಿಸಿದ್ದು. ಇದರಲ್ಲಿ ಚಿತ್ರ ಆಗಿರುವುದು ಬೆಳ್ಳಿಯಿಂದ. ಅಂಚಿನ ಕಪ್ಪು ಭಾಗದಲ್ಲಿ ನೀಲಿ ಛಾಯೆಯ ಹೊಳಪು ಬಂದಿರುತ್ತದೆ. ಬೆಳ್ಳಿ ನಿಧಾನಕ್ಕೆ ಮೇಲಕ್ಕೆ ಬಂದು ಹಾಗಾಗುವುದು. ನೋಡಲು ಬೇಸರ ಆಗುತ್ತದೆ, ಆದರೆ ಮುಖಗಳು ಇನ್ನೂ ಗಟ್ಟಿಯಾಗಿವೆ. ಅಷ್ಟು ಮಳೆಗಾಲ ಕಳೆದೂ ನಮ್ಮ ಟ್ರಂಕಿನ ಇಂಥ ಫೋಟೋಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇದ್ದವು.

ಎರಡನೇ ರಾಶಿ ಕಲರ್. ಹಿಂಬದಿ ನುಣುಪು, ಪ್ಲಾಸ್ಟಿಕ್ ಲೇಪ, ಕಂಪನಿಯ ಹೆಸರು ಓರೆಯಾಗಿ ಅಚ್ಚಾಗಿರುತ್ತದೆ. ಇದರಲ್ಲಿರುವುದು ಬರೀ ಬಣ್ಣ, ಬೆಳ್ಳಿ ಇಲ್ಲ. ಆಗಿನ ಕಾಗದಗಳಲ್ಲಿ ಸಯಾನ್, ಅಂದರೆ ನೀಲಿ-ಹಸಿರು ಬಣ್ಣ, ಕತ್ತಲೆಯಲ್ಲಿಟ್ಟರೂ ಮೊದಲು ಹೋಗುತ್ತದೆ. ಉಳಿಯುವುದು ಕೆಂಪು. ಚಿಕ್ಕಪ್ಪ ದುಬೈಯಿಂದ ಕಳಿಸಿದ 1980ರ ದಶಕದ ಫೋಟೋಗಳಲ್ಲಿ ಆಕಾಶ, ಗೋಡೆ, ಮನುಷ್ಯರು ಎಲ್ಲ ಒಂದೇ ಕೆಂಪು. ಯಾರೂ ಬಿಸಿಲಿಗೆ ಇಟ್ಟವಲ್ಲ. ಆಲ್ಬಂ ಮುಚ್ಚಿಯೇ ಇತ್ತು. ಇವು ದಿನಾ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತಿವೆ, ತಡೆಯಲು ಮನೆಯಲ್ಲಿ ದಾರಿ ಇಲ್ಲ. ಆದ್ದರಿಂದ ಸ್ಕ್ಯಾನ್ ಮಾಡುವ ಸಾಲಿನಲ್ಲಿ ಇವನ್ನು ಎಲ್ಲಕ್ಕಿಂತ ಮುಂದೆ ಇಟ್ಟೆ.

ಮೂರನೇ ರಾಶಿ ಏನಾದರೊಂದಕ್ಕೆ ಅಂಟಿಕೊಂಡವು. ಗಾಜಿಗೆ ಅಂಟಿದ್ದು, ಆಲ್ಬಂ ಪುಟಕ್ಕೆ ಅಂಟಿದ್ದು, ಒಂದಕ್ಕೊಂದು ಅಂಟಿದ್ದು. ನಾಲ್ಕನೆಯದು ನೆಗೆಟಿವ್.

ಬಿಸಾಡಿದ್ದೂ ಇದೆ. ಒಂದೇ ರೋಲಿನ ಎರಡು-ಮೂರು ಪ್ರತಿಗಳಿದ್ದರೆ ಹೆಚ್ಚಾದವನ್ನು ಮೊದಲು ನೆಂಟರಿಗೆ ಕೊಟ್ಟೆ. ಬೆರಳು ಅಡ್ಡ ಬಂದದ್ದು, ಪೂರ್ತಿ ಮಸುಕಾದದ್ದು, ಬಸ್ಸಿನ ಕಿಟಕಿಯಿಂದ ತೆಗೆದ ಗುಡ್ಡ, ಇವು ಹೋದವು. ಹಿಂಬದಿಯಲ್ಲಿ ಒಂದು ಅಕ್ಷರ ಇದ್ದರೂ ಬಿಸಾಡಲಿಲ್ಲ.

ಹಂತ 3: ಬೂಷ್ಟು ಮತ್ತು ಹುಳ

ತೇವ ಇರುವಾಗ ಬೂಷ್ಟನ್ನು ಒರೆಸಿದರೆ ಅದು ಫೋಟೋದ ಮೇಲೆ ಇನ್ನಷ್ಟು ಸವರಿಕೊಳ್ಳುತ್ತದೆ. ಮೊದಲು ಒಣಗಬೇಕು. ಅಂಗಳದಲ್ಲಿ ಬಿಸಿಲಿಗೆ ಹಾಕಲು ಎಲ್ಲರೂ ಹೇಳಿದರು. ನಾನು ನೆರಳಲ್ಲಿ, ಗಾಳಿ ಆಡುವ ಕಡೆ, ಮಂಚದ ಮೇಲೆ ಹತ್ತಿಯ ಬಟ್ಟೆ ಹಾಸಿ ಹರಡಿದೆ. ಬೇಡದ ಒಂದು ಪ್ರತಿಯನ್ನು ಮಾತ್ರ ಬಿಸಿಲಿಗೆ ಇಟ್ಟು ನೋಡಿದೆ. ಸ್ವಲ್ಪ ಹೊತ್ತಿಗೇ ಹಪ್ಪಳದ ಹಾಗೆ ಸೊಟ್ಟಗಾಯಿತು, ಮೇಲ್ಪದರದಲ್ಲಿ ಸಣ್ಣ ಬಿರುಕೂ ಬಿತ್ತು.

ಒಣಗಿದ ಮೇಲೆ ಚಿತ್ರ ಬರೆಯುವವರ ಅಗಲ ಮೆತ್ತನೆಯ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಗುಡಿಸಿದರೆ ಬೂಷ್ಟಿನ ಪುಡಿ ಬರುತ್ತದೆ. ಮಾಸ್ಕ್ ಬೇಕೇ ಬೇಕು, ಕೆಲಸವನ್ನು ಮನೆಯ ಹೊರಗೇ ಮಾಡಬೇಕು. ನೀರು, ಸ್ಪಿರಿಟ್ ಯಾವುದನ್ನೂ ಮುಂಬದಿಗೆ ಮುಟ್ಟಿಸಲಿಲ್ಲ. ಬೂಷ್ಟು ತಿಂದ ಜಾಗದಲ್ಲಿ ಜೆಲಟಿನ್ ನೀರಿಗೆ ಕರಗುವಷ್ಟು ದುರ್ಬಲ ಆಗಿರುತ್ತದೆ. ಒರಲೆ ಹಿಡಿದ ಒಂದು ಕಟ್ಟು ಮಾತ್ರ ಪೂರ್ತಿ ಹೋಗಿತ್ತು. ಅದಕ್ಕೆ ಮಾಡುವುದು ಏನೂ ಇರಲಿಲ್ಲ.

ಕೈಗವಸಿನ ವಿಷಯ: ಹತ್ತಿ ಕೈಗವಸು ತಂದೆ, ಆದರೆ ಅದು ಅಂಕುಡೊಂಕು ಅಂಚಿಗೆ ಸಿಕ್ಕಿಕೊಂಡು ಎಳೆಯುತ್ತದೆ. ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿದ ಬರಿಗೈಯಲ್ಲಿ, ಅಂಚು ಮಾತ್ರ ಹಿಡಿದು ಮಾಡಿದ್ದೇ ಸುರಕ್ಷಿತ ಅನಿಸಿತು.

ಹಂತ 4: ಅಂಟು ಪುಟದ ಆಲ್ಬಂ

ಒಂದು ಕಾಲದಲ್ಲಿ ಪ್ರತಿ ಮದುವೆಗೂ ಉಡುಗೊರೆ ಬರುತ್ತಿತ್ತಲ್ವಾ, ಪುಟದಲ್ಲಿ ಅಂಟಿನ ಗೆರೆ, ಮೇಲೆ ಪಾರದರ್ಶಕ ಹಾಳೆ, ಅಂಥದು. ಫೋಟೋಗಳಿಗೆ ಅದಕ್ಕಿಂತ ಕೆಟ್ಟ ಜಾಗ ಕಡಿಮೆ. ಅಂಟು ಹಳದಿಯಾಗಿ ಗಟ್ಟಿಯಾಗುತ್ತದೆ, ಮೇಲಿನ ಹಾಳೆ ಹೆಚ್ಚಾಗಿ ಪಿವಿಸಿ ಎಂಬ ಪ್ಲಾಸ್ಟಿಕ್. ಅದೂ ಫೋಟೋಕ್ಕೆ ಒಳ್ಳೆಯದಲ್ಲ.

ಮೊದಲು ಪುಟ ಇರುವ ಹಾಗೇ ಮೇಲಿನಿಂದ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟೆ. ಬಿಡಿಸುವಾಗ ಹರಿದರೂ ಅಷ್ಟಾದರೂ ಉಳಿಯುತ್ತದೆ, ಯಾವ ಫೋಟೋದ ಪಕ್ಕ ಯಾವುದಿತ್ತು ಅನ್ನುವುದೂ ಗೊತ್ತಾಗುತ್ತದೆ. ಆಮೇಲೆ ಹಲ್ಲು ಸ್ವಚ್ಛ ಮಾಡುವ ಫ್ಲಾಸ್ ದಾರ, ಮೇಣ ಇಲ್ಲದ್ದು. ಒಂದು ಅಡಿ ತುಂಡು ಮಾಡಿ, ಎರಡು ಕೈಯಲ್ಲಿ ಬಿಗಿ ಹಿಡಿದು, ಫೋಟೋದ ಒಂದು ಮೂಲೆಯ ಹಿಂದೆ ತೂರಿಸಿ, ಗರಗಸ ಎಳೆದಂತೆ ನಿಧಾನಕ್ಕೆ ಆಚೀಚೆ ಎಳೆದು ಕೆಳಕ್ಕೆ ತರುವುದು. ಬಗ್ಗಬೇಕಾದ್ದು ಆಲ್ಬಂ ಪುಟ, ಫೋಟೋ ಅಲ್ಲ. ಹೆಚ್ಚಿನವು ಬಂದವು.

ಬರದೇ ಇದ್ದವಕ್ಕೆ ಹೇರ್ ಡ್ರೈಯರ್ ಬಿಸಿ ಹಿಡಿಯಲು ಒಬ್ಬರು ಹೇಳಿದರು. ಮತ್ತೆ ಒಂದು ಬೇಡದ ಪ್ರತಿಯ ಮೇಲೆ ಪರೀಕ್ಷೆ. ಅಂಟು ಮೆತ್ತಗಾಯಿತು, ಜೊತೆಗೆ ಫೋಟೋವೂ ಸುರುಟಿಕೊಂಡಿತು. ಅಲ್ಲಿಗೆ ಅದನ್ನು ಬಿಟ್ಟೆ. ಬಿಡದ ಫೋಟೋಗಳ ಸುತ್ತ ಪುಟವನ್ನೇ ಕತ್ತರಿಸಿ, ಹಾಗೇ ಸ್ಕ್ಯಾನ್ ಮಾಡಿ, ಹಾಗೇ ಇಟ್ಟಿದ್ದೇನೆ. ಅಂಟಿದರೆ ಅಂಟಿರಲಿ.

ಹಂತ 5: ಸ್ಕ್ಯಾನರ್

ಸ್ಟುಡಿಯೋದಲ್ಲಿ ವಿಚಾರಿಸಿದಾಗ ಒಂದಕ್ಕೆ 20 ರೂಪಾಯಿ, 300 ಡಿಪಿಐ (ಅಂದರೆ ಇಂಚಿಗೆ 300 ಚುಕ್ಕಿ), ಜೆಪೆಗ್, ಮುಂಬದಿ ಮಾತ್ರ ಅಂದರು. ನಮ್ಮಲ್ಲಿ ಇದ್ದದ್ದು ಸಾವಿರದ ಮೇಲೆ. ಅದೇ ದುಡ್ಡಿಗೆ ಫೋಟೋವನ್ನು ಗಾಜಿನ ಮೇಲೆ ಮಲಗಿಸಿ ತೆಗೆಯುವ ಎ4 ಅಳತೆಯ ಫ್ಲಾಟ್‌ಬೆಡ್ ಸ್ಕ್ಯಾನರ್, ಎರಡು ಹಾರ್ಡ್ ಡಿಸ್ಕ್ ಎಲ್ಲ ಬರುತ್ತದೆ ಅಂತ ಲೆಕ್ಕ ಹಾಕಿ ಕೊಂಡೆವು. ಹಾಳೆಯನ್ನು ರೋಲರ್ ಮೂಲಕ ಎಳೆಯುವ ಸ್ಕ್ಯಾನರ್ ಬೇಡವೇ ಬೇಡ. ಬಿರುಕು ಬಿಟ್ಟ ಹಳೇ ಫೋಟೋ ಅದರಲ್ಲಿ ಹೋದರೆ ಮುಗಿಯಿತು.

ನಾನು ಇಟ್ಟುಕೊಂಡ ಸೆಟ್ಟಿಂಗ್: ಸಾಮಾನ್ಯ ಫೋಟೋಗಳಿಗೆ 600 ಡಿಪಿಐ. ಪಾಸ್‌ಪೋರ್ಟ್ ಅಳತೆಗೆ, ಬಾಕ್ಸ್ ಕ್ಯಾಮೆರಾದ 6 ಸೆಂ.ಮೀ. ಚೌಕದ ಚಿಕ್ಕ ಪ್ರತಿಗಳಿಗೆ 1200. ಕಪ್ಪು-ಬಿಳುಪನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಬೇಕು. ಹಳದಿ, ಕಂದು ಕಲೆ ಇದ್ದ ಫೋಟೋದಲ್ಲಿ ಆಮೇಲೆ ಕೆಂಪು ಚಾನೆಲ್, ಅಂದರೆ ಚಿತ್ರದ ಕೆಂಪು ಬೆಳಕಿನ ಪಾಲು, ಒಂದನ್ನೇ ಇಟ್ಟುಕೊಂಡರೆ ಕಲೆಯ ಬಹುಪಾಲು ಕಾಣೆಯಾಗುತ್ತದೆ. ಗ್ರೇಸ್ಕೇಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಈ ದಾರಿ ಮುಚ್ಚಿಹೋಗುತ್ತದೆ. ಮೂಲ ಕಡತ, ಚಿತ್ರವನ್ನು ಕೆಡಿಸದೆ ಇಡುವ ಟಿಫ್‌ನಲ್ಲಿ. 4×6 ಇಂಚಿನದು 600 ಡಿಪಿಐಗೆ ಸುಮಾರು 26 ಎಂಬಿ ಆಗುತ್ತದೆ. ಸಾವಿರ ಫೋಟೋಕ್ಕೆ 26 ಜಿಬಿ, ಈಗಿನ ಡಿಸ್ಕಿಗೆ ಅದು ಏನೂ ಅಲ್ಲ. ಹಿಂಬದಿಯಲ್ಲಿ ಬರಹವೋ ಮುದ್ರೆಯೋ ಇದ್ದರೆ ಅದನ್ನೂ 300 ಡಿಪಿಐಯಲ್ಲಿ ತೆಗೆದೆ.

ನಾಲ್ಕು ಫೋಟೋ ಒಟ್ಟಿಗೆ ಇಟ್ಟು ತಾನಾಗಿ ಕತ್ತರಿಸಿಕೊಳ್ಳುವ ಆಯ್ಕೆ ನೋಡಿದೆ. ಬಿಳಿ ಅಂಚಿನ ಫೋಟೋಗಳ ಅಂಚನ್ನೇ ಅದು ನುಂಗಿಬಿಟ್ಟಿತು. ಹಿಂದೆ ಕಪ್ಪು ಹಾಳೆ ಇಟ್ಟು, ಒಂದೊಂದಾಗಿ, ಸುತ್ತ ಸ್ವಲ್ಪ ಜಾಗ ಬಿಟ್ಟು ತೆಗೆದದ್ದೇ ಸರಿಯಾಯಿತು. ಧೂಳು ಅಳಿಸುವ, ಬಣ್ಣ ಸರಿ ಮಾಡುವ ಆಯ್ಕೆಗಳನ್ನೆಲ್ಲ ಬಂದ್ ಮಾಡಿದೆ. ಕೆಂಪಾದ ಫೋಟೋದ ಬಣ್ಣ ಸರಿ ಮಾಡುವುದು ಪ್ರತಿಯ ಮೇಲೆ, ಮೂಲ ಸ್ಕ್ಯಾನಿನ ಮೇಲೆ ಅಲ್ಲ.

ಮುಖ ಸ್ಪಷ್ಟ ಮಾಡುವ ಎಐ ಆಪ್‌ಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ತಂಗಿಯ ಮಗ ಅಜ್ಜಿಯ ಒಂದು ಚಿಕ್ಕ ಫೋಟೋವನ್ನು ಅದಕ್ಕೆ ಹಾಕಿ ಗ್ರೂಪಿಗೆ ಕಳಿಸಿದ. ಎಲ್ಲರೂ ಆಹಾ ಅಂದರು. ಮೂಲದ ಪಕ್ಕ ಇಟ್ಟು ನೋಡಿದರೆ ಮೂಗುತಿ ಮಾಯ, ಹಲ್ಲು ಸಾಲಾಗಿದೆ, ಕಣ್ಣು ಬೇರೆಯವರದ್ದು. ಅದು ಅಜ್ಜಿ ಅಲ್ಲ. ಆ ಚಿತ್ರ ನಮ್ಮ ಸಂಗ್ರಹಕ್ಕೆ ಸೇರಬಾರದು ಅಂತ ಹೇಳಿ, ಸೇರಿಸಲಿಲ್ಲ.

ಹಂತ 6: ಗಾಜಿಗೆ ಅಂಟಿದ ಅಜ್ಜಯ್ಯ-ಅಜ್ಜಿ

ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. 12×10 ಇಂಚಿನ ಸ್ಟುಡಿಯೋ ಫೋಟೋ. ಹಿಂದೆ ಚಿತ್ರ ಬರೆದ ಪರದೆ, ಸೀರೆಯ ಅಂಚಿಗೂ ತುಟಿಗೂ ಕೈಯಲ್ಲಿ ಬಣ್ಣ ಹಚ್ಚಿದ್ದು. ಪಡುವಣ ಗೋಡೆಯಲ್ಲಿ ತೂಗಿದ್ದರಿಂದ ಪ್ರತಿ ಮಳೆಗಾಲವೂ ಗೋಡೆಯ ತೇವ ಅದಕ್ಕೆ ಸಿಕ್ಕಿದೆ. ಹಿಂದಿನ ತುಕ್ಕು ಮೊಳೆ ತೆಗೆದು, ಪ್ಲೈವುಡ್ ಬಿಡಿಸಿ ನೋಡಿದರೆ ಅಜ್ಜಿಯ ಹೆಗಲಿನಿಂದ ಕೆಳಗೆ ಪೂರ್ತಿ ಗಾಜಿಗೆ ಹಿಡಿದುಕೊಂಡಿತ್ತು. ಗಾಜಿನ ಮೇಲಿನಿಂದ ಓರೆಯಾಗಿ ನೋಡಿದರೆ ತಿಳಿಯುತ್ತದೆ: ಅಂಟಿದ ಜಾಗ ಕಪ್ಪಾಗಿ, ಒದ್ದೆಯಾದಂತೆ ಹೊಳೆಯುತ್ತದೆ, ಅಂಟದ ಜಾಗ ಮಂಕು. ಎರಡರ ನಡುವೆ ನಕ್ಷೆಯ ಗಡಿಯಂಥ ಗೆರೆ.

ನೀರಲ್ಲಿ ನೆನೆಸಿ ಬಿಡಿಸುವ ಪದ್ಧತಿ ಇದೆ. ಹಬೆ ಹಿಡಿಯಲು ಸಹ ಹೇಳಿದರು. ಕೈಯಲ್ಲಿ ಬಣ್ಣ ಹಾಕಿದ ಫೋಟೋಕ್ಕೆ ಎರಡೂ ಆಗದು, ಬಣ್ಣ ಹೋಗಿಬಿಡುತ್ತದೆ. ಎಳೆದರೆ ಚಿತ್ರ ಗಾಜಿನಲ್ಲಿ ಉಳಿದು ಕಾಗದ ಮಾತ್ರ ಕೈಗೆ ಬರುತ್ತದೆ. ಆದ್ದರಿಂದ ಬಿಡಿಸುವುದೇ ಬೇಡ, ಗಾಜಿನ ಮೂಲಕವೇ ತೆಗೆಯುವುದು ಅಂತ ತೀರ್ಮಾನ ಮಾಡಿದೆ.

ಮೊದಲು ಗಾಜು ಸಮೇತ ಸ್ಕ್ಯಾನರ್ ಮೇಲೆ ಇಟ್ಟೆ. ಚಿತ್ರ ಮಸುಕು. ಸಿಐಎಸ್ ಸೆನ್ಸರ್ ಇರುವ ತೆಳು ಸ್ಕ್ಯಾನರ್‌ಗಳಿಗೆ ತಮ್ಮ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ಫ್ರೇಮಿನ ಗಾಜು 2 ಮಿ.ಮೀ. ಇದ್ದರೂ ಫೋಕಸ್ ತಪ್ಪುತ್ತದೆ. ಹಾಗಾಗಿ ಗೆಳೆಯನ 24 ಮೆಗಾಪಿಕ್ಸೆಲ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಟ್ರೈಪಾಡ್ ತಂದೆ. ಕಿಟಕಿಯ ಬೆಳಕಲ್ಲಿ ತೆಗೆದರೆ ಅಂಗಳದ ತೆಂಗಿನ ಗರಿ ಅಜ್ಜಯ್ಯನ ಎದೆಯ ಮೇಲೆ ಬಂತು. ಟ್ಯೂಬ್‌ಲೈಟ್ ಕೆಳಗೆ ಗಾಜಿನ ಗೀರೆಲ್ಲ ಎದ್ದು ಕಂಡವು.

ಕೊನೆಗೆ ಸರಿಹೋದ ಕ್ರಮ ಇದು. ರಾತ್ರಿ, ಕೋಣೆಯ ಎಲ್ಲ ದೀಪ ಆರಿಸಿ. ಫ್ರೇಮ್ ನೆಲದ ಮೇಲೆ, ಕ್ಯಾಮೆರಾ ನೇರ ಮೇಲೆ. ಎಡಕ್ಕೊಂದು ಬಲಕ್ಕೊಂದು 9 ವ್ಯಾಟ್ ಎಲ್‌ಇಡಿ ಬಲ್ಬ್, ಒಂದೇ ಕಂಪನಿಯವು, ಮೂರು ಅಡಿ ದೂರ, 45 ಡಿಗ್ರಿ ಓರೆಯಲ್ಲಿ. ಕ್ಯಾಮೆರಾದ ಪ್ರತಿಬಿಂಬ ಬೀಳದಂತೆ ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಮುಂದೆ ಕಟ್ಟಿದೆ. ಕ್ಯಾಮೆರಾ ಮತ್ತು ಫೋಟೋ ಸಮಾನಾಂತರ ಇದೆಯೋ ನೋಡಲು ಸುಲಭ ಉಪಾಯ: ಫ್ರೇಮಿನ ನಡುವೆ ಒಂದು ಚಿಕ್ಕ ಕನ್ನಡಿ ಇಡಿ. ಕ್ಯಾಮೆರಾದಲ್ಲಿ ಲೆನ್ಸಿನ ಪ್ರತಿಬಿಂಬ ಸರಿಯಾಗಿ ಮಧ್ಯಕ್ಕೆ ಬಂದರೆ ಸಮ ಇದೆ ಅಂತ. ಕ್ಯಾಮೆರಾ ಸೆಟ್ಟಿಂಗ್ ಐಎಸ್ಒ 100, ಎಫ್/8, ಎರಡು ಸೆಕೆಂಡಿನ ಟೈಮರ್. ಇಂಚಿಗೆ 400ರ ಹತ್ತಿರ ಚುಕ್ಕಿ ಸಿಕ್ಕಿತು. ಅಜ್ಜಿಯ ಬಳೆಗಳನ್ನು ಬಿಡಿಬಿಡಿಯಾಗಿ ಎಣಿಸಬಹುದು. ಬೆಳ್ಳಿ ಹೊಳಪು ಬಂದ ಕಪ್ಪು-ಬಿಳುಪು ಫೋಟೋಗಳಿಗೂ ಇದೇ ವ್ಯವಸ್ಥೆ ಸ್ಕ್ಯಾನರ್‌ಗಿಂತ ಒಳ್ಳೆಯದಾಯಿತು.

ಈಗ ಮೂಲ ಫೋಟೋ ಗಾಜಿನೊಂದಿಗೇ ಒಣ ಡಬ್ಬಿಯಲ್ಲಿದೆ. ಚಾವಡಿಯಲ್ಲಿ ತೂಗುವುದು ಹೊಸ ಪ್ರಿಂಟ್. ಗಾಜಿಗೂ ಫೋಟೋಕ್ಕೂ ನಡುವೆ ಎರಡು ಮಿ.ಮೀ. ದಪ್ಪದ ಮೌಂಟ್ ಬೋರ್ಡ್ ಚೌಕಟ್ಟು ಹಾಕಿಸಿದೆ. ನಿಮ್ಮ ಮನೆಯಲ್ಲಿ ಇನ್ನೂ ಅಂಟದ ಫ್ರೇಮುಗಳಿದ್ದರೆ ಇದೊಂದನ್ನಾದರೂ ಮಾಡಿಸಿ.

ಹಂತ 7: ಹೆಸರು ಬರೆಯುವುದು

ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್‌ನವರ ಹಳೇ ಫೋಟೋಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿವೆ. ಅವುಗಳ ಸ್ಕ್ಯಾನ್‌ಗಳನ್ನು ಇಲ್ಲಿ ಕೂತೇ ನೋಡಬಹುದು. ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಊರು, ಕಾಲ ಬರೆದಿಟ್ಟಿದ್ದಾರೆ. ಸ್ಕ್ಯಾನ್ ಆಯಿತು ಅಂತ ಮೂಲವನ್ನು ಬಿಸಾಡಲಿಲ್ಲ. ಅದೇ ಕ್ರಮವನ್ನು ಚಿಕ್ಕದಾಗಿ ನಮ್ಮ ಮನೆಗೆ ತೆಗೆದುಕೊಂಡೆ. ಕಡತದ ಹೆಸರು ಬರೀ ಸಂಖ್ಯೆ. ಅದೇ ಸಂಖ್ಯೆ ಫೋಟೋ ಹಾಕುವ ಲಕೋಟೆಯ ಮೇಲೆ. ವಿವರ ಎಲ್ಲ ಕನ್ನಡದಲ್ಲಿ ಒಂದು ಸ್ಪ್ರೆಡ್‌ಶೀಟಿನಲ್ಲಿ. ಸ್ಕ್ಯಾನ್ ಮಾಡಿದ ದಿನವೇ ಫೋಟೋದ ದಿನಾಂಕ ಅಂತ ಕೂತುಬಿಡುತ್ತದೆ. ಅದನ್ನು ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದಲ್ಲಿ ಸರಿ ಮಾಡಿದೆ.

ಹೆಸರು ಹೇಳಿದವರು ದೊಡ್ಡಮ್ಮ. ಫೋಟೋ ಕೈಯಲ್ಲಿ ಕೊಟ್ಟಾಗ ಅವರು ಮೊದಲು ಹಿಂಬದಿ ತಿರುಗಿಸಿ ನೋಡುತ್ತಾರೆ, ಆಮೇಲೆ ಮಾತು ಶುರು. "ಇವಳು ಕಲ್ಯಾಣಪುರದ ಅತ್ತೆ, ಮಗಾ. ಈ ಸೀರೆ ನನ್ನದು. ಫೋಟೋ ತೆಗೆಸಬೇಕು ಅಂತ ಕೇಳಿ ಉಟ್ಟುಕೊಂಡು ಹೋದದ್ದು." ಲ್ಯಾಪ್‌ಟಾಪ್ ಪರದೆ ತೋರಿಸಿದರೆ ಇಂಥದು ಬರುವುದಿಲ್ಲ. ಆದರೆ ಮದುವೆಯ ಗುಂಪು ಫೋಟೋದಲ್ಲಿ ಹಿಂದಿನ ಸಾಲಿನ ಹುಡುಗನನ್ನು ಅವರು ಕಾಗದದಲ್ಲಿ ಗುರುತಿಸಲಿಲ್ಲ. ಪರದೆಯಲ್ಲಿ ದೊಡ್ಡದು ಮಾಡಿದ ಕೂಡಲೇ, "ಅಯ್ಯೋ, ಇವ ನಮ್ಮ ಗದ್ದೆ ಕೆಲಸಕ್ಕೆ ಬರುತ್ತಿದ್ದವರ ಮಗ" ಅಂದರು. ಭಾವನಿಗೆ ನಾನು ಹೇಳಿದ್ದು ಇದನ್ನೇ: ಎರಡೂ ಬೇಕು, ಎರಡರ ಕೆಲಸ ಬೇರೆ ಬೇರೆ.

ಇಸವಿ ಗೊತ್ತಿಲ್ಲದವಕ್ಕೆ ಸ್ಟುಡಿಯೋ ಮುದ್ರೆ ಸಹಾಯ ಮಾಡಿತು. ಈ ಕಡೆಯ ವಿಳಾಸದಲ್ಲಿ ಮದ್ರಾಸ್ ಅಂತ ಇದ್ದರೆ 1956ಕ್ಕೆ ಹಿಂದಿನದು ಅಂತ ಇಟ್ಟುಕೊಂಡೆ, ಮೈಸೂರು ರಾಜ್ಯ ಅಂತ ಇದ್ದರೆ 1956ರಿಂದ 1973ರ ನಡುವಿನದು. ಆರು ಅಂಕೆಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದಮೇಲಿನದು. ಹಳೇ ಕಾಗದದ ಹಿಂಬದಿಗೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ ಸಂಖ್ಯೆ ಬರೆದೆ. ಕಲರ್ ಫೋಟೋದ ಪ್ಲಾಸ್ಟಿಕ್ ಹಿಂಬದಿಗೆ ಪೆನ್ಸಿಲ್ ಹಿಡಿಯದು. ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಗೆರೆ ಏಳುತ್ತದೆ. ಅವಕ್ಕೆ ಲಕೋಟೆಯ ಮೇಲೆ ಮಾತ್ರ.

ಹಂತ 8: ಇಡುವುದು, ಹಂಚುವುದು, ಖರ್ಚು

ಮೂಲ ಫೋಟೋಗಳಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಲಕೋಟೆ, ಗಾಳಿ ಹೋಗದ ಮುಚ್ಚಳದ ಡಬ್ಬಿ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, 3 ಇದ್ದರೆ ಪಿವಿಸಿ. 3 ಬೇಡ. ಒಳಗೆ ತೇವ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಬಟ್ಟೆಯ ಚೀಲದಲ್ಲಿ. ಒಣ ದಿನದ ಮಧ್ಯಾಹ್ನವೇ ಮುಚ್ಚಬೇಕು. ತೇವದ ಗಾಳಿಯನ್ನು ಒಳಗೇ ಮುಚ್ಚಿಟ್ಟರೆ ಟ್ರಂಕಿಗಿಂತ ಕೆಟ್ಟದು.

ಖರ್ಚು: ಸ್ಕ್ಯಾನರ್ 6,500. 1 ಟಿಬಿ ಡಿಸ್ಕ್ ಎರಡು, 9,600. ಡಬ್ಬಿ 1,200. ಲಕೋಟೆ 900. ಸಿಲಿಕಾ ಜೆಲ್ 450. ಮೀಟರ್ 350. ಬ್ರಷ್, ಬ್ಲೋವರ್, ಫ್ಲಾಸ್ 320. ಬಲ್ಬ್, ಹೋಲ್ಡರ್, ಕಪ್ಪು ಬಟ್ಟೆ 650. ಒಟ್ಟು 19,970. ಮನೆಗೆ ಐದು ಸಾವಿರದಷ್ಟು ಬಿತ್ತು. ಹೊಸ ಫ್ರೇಮಿನ ಖರ್ಚು ನಾನೇ ಹಾಕಿಕೊಂಡೆ.

ಒಂದು ಡಿಸ್ಕ್ ನನ್ನಲ್ಲಿ, ಇನ್ನೊಂದು ಮುಂಬೈಯಲ್ಲಿ ಭಾವನ ಮನೆಯಲ್ಲಿ, ಒಂದು ಪ್ರತಿ ಕ್ಲೌಡ್‌ನಲ್ಲಿ. ವಾಟ್ಸಾಪ್ ಗ್ರೂಪಿಗೆ ಹಾಕಿದ್ದನ್ನು ಪ್ರತಿ ಅಂತ ಲೆಕ್ಕ ಇಡಬೇಡಿ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಬರೆದ ವಿವರವೂ ಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಕಪ್ಪು-ಬಿಳುಪು ಮೂಲಗಳೆಲ್ಲ ಒಂದೇ ಕಡೆ, ನಮ್ಮಲ್ಲಿ ಇರುತ್ತವೆ ಅಂತ ಮಾತಾಯಿತು. ಕಲರ್ ಮೂಲಗಳನ್ನು ಅವರವರ ಮನೆಗೆ ಕೊಟ್ಟೆ. ಇದ್ದಷ್ಟು ದಿನ ಕೈಯಲ್ಲಿ ಹಿಡಿದು ನೋಡಲಿ. ದುಬೈ ಫೋಟೋಗಳ ಬಣ್ಣ ಸರಿ ಮಾಡಿದ ಪ್ರಿಂಟನ್ನು ಚಿಕ್ಕಮ್ಮನಿಗೆ ಬೇರೆಯಾಗಿ ಕೊಟ್ಟೆ.

ಹಂತ 9: ನೆಗೆಟಿವ್, ಇನ್ನೂ ಬಾಕಿ

120 ಫಿಲ್ಮಿನ, ಅಂದರೆ ಬಾಕ್ಸ್ ಕ್ಯಾಮೆರಾದಂಥವಕ್ಕೆ ಹಾಕುವ ಅಗಲ ರೋಲಿನ, ನೆಗೆಟಿವ್‌ಗಳು ಒಂದು ಕಟ್ಟು ಇವೆ. ಅವುಗಳಲ್ಲಿ ಕೆಲವಕ್ಕೆ ವಿನೆಗರ್‌ನ ಹುಳಿ ವಾಸನೆ ಬಂದಿದೆ. ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾದ ಗುರುತು ಅದು. ಆ ಹಬೆ ಪಕ್ಕದವಕ್ಕೂ ತಗಲುತ್ತದೆ, ಹಾಗಾಗಿ ಅವನ್ನು ಬೇರೆ ಕಾಗದದ ಲಕೋಟೆಯಲ್ಲಿ, ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ. ನನ್ನ ಸ್ಕ್ಯಾನರ್‌ನಲ್ಲಿ ಹಿಂಬದಿ ಬೆಳಕು ಇಲ್ಲ. ಟ್ಯಾಬ್ಲೆಟ್‌ನ ಬಿಳಿ ಪರದೆಯ ಮೇಲೆ ನೇರ ಇಟ್ಟು ತೆಗೆದಾಗ ಪರದೆಯ ಚುಕ್ಕಿಗಳೂ ಬಂದವು. ನೆಗೆಟಿವನ್ನು ಪರದೆಯಿಂದ ಮೂರು ಸೆಂ.ಮೀ. ಎತ್ತರಕ್ಕೆ, ನಡುವೆ ಹಾಲುಬಿಳಿ ಅಕ್ರಿಲಿಕ್ ತುಂಡು ಹಾಕಿ ಇಟ್ಟಾಗ ಚುಕ್ಕಿ ಹೋಯಿತು. ಮ್ಯಾಕ್ರೋ ಲೆನ್ಸ್ ಸಿಕ್ಕಿದ ಕೂಡಲೇ ಹುಳಿ ವಾಸನೆಯವನ್ನು ಮೊದಲು ಮುಗಿಸಬೇಕು. ಅವು ಮುಂದಿನ ಜನವರಿ ತನಕ ಕಾಯುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ಈ ಒಂದು ಕೆಲಸ ಮಾತ್ರ ಮಳೆಯಲ್ಲೇ, ಎಸಿ ಇರುವ ಕೋಣೆಯಲ್ಲಿ ಮಾಡುವುದು. ಜುಲೈಯಲ್ಲಿ ಫೋಟೋಗಳ ಡಬ್ಬಿಯೊಳಗೆ ಮೀಟರ್ ಇಟ್ಟು ನೋಡಿದಾಗ 58 ಇತ್ತು, ಜೆಲ್ ತೇವ ಹೀರಿ ಹಸಿರಾಗಿತ್ತು. ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿ ಮತ್ತೆ ಹಾಕಿದ ಮೇಲೆ 46ಕ್ಕೆ ಇಳಿಯಿತು.